ದೇಗುಲವಿಲ್ಲದ ದಿವ್ಯನಗರ



ಹೊನ್ನಾವರದಲ್ಲಿ ನನಗೆ ಬಹುಕಾಲದ ಪರಿಚಯವಿದ್ದ ಹಿರಿಯರೊಬ್ಬರಿದ್ದರು. ದೋಣಿ ಕಟ್ಟುವುದು ಅವರ ಕಸುಬು, ಮತದಿಂದ ಕ್ರೈಸ್ತರು. ನಾಲ್ಕನೆಯ ಇಯತ್ತೆಯ ಆಚೆಗೆ ಶಾಲೆಯ ಮುಖ ಕಂಡವರಲ್ಲ. ಆದರೆ ಕನ್ನಡ ಬೈಬಲ್ಲನ್ನು ಅವರು ಓದುತ್ತಿದ್ದ ಬಗೆ ನಮ್ಮಂಥ ಪಾಠ ಹೇಳುವವರಿಗೆ ನಾಚಿಕೆ ತರುವಂತಿತ್ತು. ಹಲಗೆಗೆ ಹಲಗೆ ಕೂಡುವ ಕಡೆಯಲ್ಲಿ ನೀರು ಒಸರದಂತೆ ನೋಡಿ ಪಳಗಿದ ಕಣ್ಣು ಅವರದು. ಅದೇ ಕಣ್ಣಿನಿಂದ ಪುಸ್ತಕವನ್ನೂ ನೋಡುತ್ತಿದ್ದರು.

ಒಂದು ಸಂಜೆ ಅವರು ನಮ್ಮ ಜಗಲಿಗೆ ಬಂದು ಕುಳಿತು, "ಮಾಸ್ತರೇ, ನೀವು ಕನ್ನಡ ಕಲಿಸಿದವರು. ಈ ಕೊನೆಯ ಪುಸ್ತಕದ ಲೆಕ್ಕ ನನಗೆ ಕೂಡುವುದಿಲ್ಲ" ಎಂದರು. ಕೊನೆಯ ಪುಸ್ತಕವೆಂದರೆ ಯೋಹಾನನ ಪ್ರಕಟನೆ. ಲೋಕದ ಅಂತ್ಯವನ್ನು ಕುರಿತ ಕ್ರೈಸ್ತರ ದರ್ಶನಗ್ರಂಥ. ಅವರ ತಕರಾರು ಹೀಗಿತ್ತು. ಮೂರನೆಯ ಅಧ್ಯಾಯದಲ್ಲಿ, ಜಯ ಹೊಂದಿದ ಭಕ್ತನನ್ನು ದೇವರ ಆಲಯದಲ್ಲಿ ಕಂಬವಾಗಿ ನಿಲ್ಲಿಸುವೆನೆಂಬ ವಾಗ್ದಾನವಿದೆ. ಹನ್ನೊಂದರಲ್ಲಿ ಪರಲೋಕದ ಆಲಯ ತೆರೆಯುತ್ತದೆ. ಹದಿನೈದರಲ್ಲಿ ಅದು ಹೊಗೆಯಿಂದ ತುಂಬುತ್ತದೆ. ಇಪ್ಪತ್ತೊಂದಕ್ಕೆ ಬಂದಾಗ, ಪರಲೋಕದಿಂದ ಇಳಿದ ನಗರದಲ್ಲಿ ಆಲಯವೇ ಕಾಣಿಸಲಿಲ್ಲ ಎಂದು ಯೋಹಾನ ಬರೆಯುತ್ತಾನೆ. "ಕಂಬ ಮಾಡುತ್ತೇನೆಂದು ಮಾತು ಕೊಟ್ಟು ಕೊನೆಗೆ ಗುಡಿಯನ್ನೇ ಕಟ್ಟದಿದ್ದರೆ ಆ ಕಂಬವನ್ನು ಎಲ್ಲಿ ನಿಲ್ಲಿಸುವುದು? ಇನ್ನೊಂದು. ಆ ಊರಿನ ಉದ್ದ, ಅಗಲ, ಎತ್ತರ ಮೂರೂ ಸಮವಂತೆ. ಅಂಥ ಊರು ಎಲ್ಲಿಯಾದರೂ ಉಂಟೋ?"

ಅವರ ಪತ್ನಿ ತೀರಿಕೊಂಡು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಆಕೆ ಹೋದ ಊರಿನ ಅಳತೆಯನ್ನು ಅವರು ಕೇಳುತ್ತಿದ್ದಾರೆಂಬುದು ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ನಾನು ಕ್ರೈಸ್ತನಲ್ಲ, ಆ ಗ್ರಂಥವನ್ನು ಅಲ್ಲಲ್ಲಿ ತಿರುವಿಹಾಕಿದ್ದೆ, ಅಷ್ಟೆ. "ನೋಡಿ ಹೇಳುತ್ತೇನೆ" ಎಂದೆ. ನೋಡಲು ತೊಡಗಿದ್ದು ತಿಂಗಳುಗಟ್ಟಲೆ ನಡೆಯಿತು. ಅದರಿಂದ ನನಗೆ ತಿಳಿದದ್ದನ್ನು ಈಗ ನಿಮ್ಮ ಮುಂದಿಡುತ್ತೇನೆ.

ಮೊದಲು ಕಾಲದೇಶಗಳ ಮಾತು. ಏಜಿಯನ್ ಸಮುದ್ರದಲ್ಲಿ ಪತ್ಮೋಸ್ ಎಂಬ ಚಿಕ್ಕ ದ್ವೀಪವಿದೆ. ಯೋಹಾನನೆಂಬ ಭಕ್ತನು ತನ್ನ ನಂಬಿಕೆಯ ಕಾರಣದಿಂದ ಅಲ್ಲಿದ್ದಾಗ ಈ ದರ್ಶನವಾಯಿತೆಂದು ಗ್ರಂಥವೇ ಹೇಳುತ್ತದೆ. ರೋಮಿನ ಚಕ್ರವರ್ತಿ ದೊಮಿಟಿಯನ್ನನ ಆಳಿಕೆಯ ಕೊನೆಗಾಲ, ಎಂದರೆ ಸುಮಾರು ಕ್ರಿ.ಶ. 95, ಇದರ ಕಾಲವೆಂದು ಹಳೆಯ ಸಂಪ್ರದಾಯ. ಈಗಿನ ವಿದ್ವಾಂಸರಲ್ಲಿ ಹೆಚ್ಚಿನವರೂ ಅದನ್ನೇ ಒಪ್ಪುತ್ತಾರೆ. ಈ ವರ್ಷವನ್ನು ಇನ್ನೊಂದು ವರ್ಷದ ಪಕ್ಕದಲ್ಲಿಟ್ಟು ನೋಡಬೇಕು. ಕ್ರಿ.ಶ. 70ರಲ್ಲಿ ರೋಮಿನ ಸೇನಾಪತಿ ಟೈಟಸ್ ಯೆರೂಸಲೇಮನ್ನು ಹಿಡಿದ. ಅಲ್ಲಿನ ಮಹಾದೇವಾಲಯ ಸುಟ್ಟು ನೆಲಸಮವಾಯಿತು. ಏಳು ಕವಲಿನ ಅದರ ಚಿನ್ನದ ದೀಪಸ್ತಂಭವನ್ನು ಸೈನಿಕರು ಹೊತ್ತೊಯ್ಯುವ ಚಿತ್ರವನ್ನು ರೋಮಿನಲ್ಲಿ ಟೈಟಸನ ವಿಜಯತೋರಣದ ಮೇಲೆ ಇಂದಿಗೂ ಕಾಣಬಹುದು. ಆದುದರಿಂದ ಯೋಹಾನನು ದೇವಾಲಯವನ್ನು ಪರಲೋಕದಲ್ಲಿ ಕಂಡಾಗ ಭೂಮಿಯ ಮೇಲೆ ಆ ದೇವಾಲಯವಿರಲಿಲ್ಲ. ದೀಪಸ್ತಂಭ ರೋಮಿನ ಪಾಲಾಗಿತ್ತು. ಅವನ ದರ್ಶನದಲ್ಲಿಯಾದರೋ ಸಿಂಹಾಸನದ ಮುಂದೆ ಏಳು ದೀಪಗಳು ಉರಿಯುತ್ತಲೇ ಇವೆ.

ನಮ್ಮ ಕರಾವಳಿಗೆ ಈ ಸ್ಥಿತಿ ತೀರ ಅಪರಿಚಿತವಲ್ಲ. ಗೋವೆಯಲ್ಲಿ ಪೋರ್ತುಗೀಜರು ದೇವಾಲಯಗಳನ್ನು ಕೆಡವತೊಡಗಿದಾಗ, 1560ರಲ್ಲಿ, ಮಂಗೇಶ ದೇವರು ಕುಶಸ್ಥಳಿಯನ್ನು ಬಿಟ್ಟು ನದಿಯ ಆಚೆಯ ಪ್ರಿಯೋಳಕ್ಕೆ ಹೋದದ್ದು ಪ್ರಸಿದ್ಧ. ದಕ್ಷಿಣಕ್ಕೆ ಬಂದ ಕುಟುಂಬಗಳು ಕುಮಟೆ, ಹೊನ್ನಾವರ, ಭಟ್ಕಳಗಳಲ್ಲಿ ಹೊಸ ಗುಡಿಗಳ ಸುತ್ತ ನೆಲೆಯೂರಿದವು. ಅದಕ್ಕೂ ಮೊದಲೇ, 1542ರಲ್ಲಿ, ಭಟ್ಕಳ ಅದೇ ಪೋರ್ತುಗೀಜರ ಬೆಂಕಿಗೆ ಸಿಕ್ಕಿತ್ತು. ಕಾಲಚಕ್ರ ತಿರುಗಿ 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ಅವರ ಇಗರ್ಜಿಗಳು ನೆಲಸಮವಾದವು. ಉಳಿದವರು ಮರಳಿದ್ದು 1799ರ ನಂತರ. ಯಾರ ತಪ್ಪು ಎಷ್ಟು ಎಂದು ತೂಗುವುದು ಈ ಹೊತ್ತಿನ ಕೆಲಸವಲ್ಲ. ಗುಡಿ ಹೋದಮೇಲೆ ದೇವರು ಎಲ್ಲಿ ಎಂಬ ಪ್ರಶ್ನೆ ಈ ದಾರಿಯಲ್ಲಿ ಎಲ್ಲ ಮತದವರ ಬಾಯಲ್ಲಿಯೂ ಒಮ್ಮೊಮ್ಮೆ ಬಂದದ್ದೇ ಎಂದಷ್ಟೇ ಹೇಳುತ್ತೇನೆ. ಯೋಹಾನನ ಗ್ರಂಥಕ್ಕೆ ಕಿವಿಗೊಡಲು ಅದೊಂದು ಅರ್ಹತೆ.

ಇನ್ನು ಶಬ್ದದ ವಿಚಾರ. ಕನ್ನಡ ಬೈಬಲ್ಲಿನಲ್ಲಿ ನಾವು ದೇವಾಲಯ, ಆಲಯ ಎಂದು ಓದುವ ಕಡೆಯಲ್ಲಿ ಗ್ರೀಕ್ ಮೂಲದಲ್ಲಿ ಎರಡು ಬೇರೆ ಶಬ್ದಗಳುಂಟು. ಹಿಯೆರಾನ್ ಎಂದರೆ ಪೌಳಿ, ಅಂಗಳ, ಮಂಟಪಗಳೊಡನೆ ಇಡೀ ದೇವಸ್ಥಾನ. ನಾಓಸ್ ಎಂದರೆ ಒಳಗಿನ ಮನೆ, ದೇವರು ನೆಲಸಿರುವ ಭಾಗ. ಯೇಸು ಬೋಧಿಸಿದ್ದು, ನಾಣ್ಯ ಬದಲಿಸುವವರ ಮೇಜು ಉರುಳಿಸಿದ್ದು ಹಿಯೆರಾನಿನಲ್ಲಿ. ಪ್ರಕಟನೆಯಲ್ಲಿ ಹಿಯೆರಾನ್ ಎಂಬ ಶಬ್ದ ಒಮ್ಮೆಯೂ ಬಾರದು. ಅಲ್ಲಿ ಎಲ್ಲೆಡೆಯೂ ನಾಓಸ್. ನಮ್ಮ ಗರ್ಭಗುಡಿ ಎಂಬ ಮಾತು ಅದಕ್ಕೆ ಹೆಚ್ಚು ಹತ್ತಿರ. ಅನುವಾದಕರು ಗರ್ಭಗುಡಿ ಎಂದು ಬರೆಯದಿರಲು ಕಾರಣಗಳಿದ್ದಿರಬಹುದು. ಆದರೆ ಬಡಗಿಯವರ ತೊಡಕಿನ ಅರ್ಧಭಾಗ ಈ ಒಂದು ಶಬ್ದದಲ್ಲಿಯೇ ಇದೆ.

ಇನ್ನೊಂದು ಶಬ್ದ ಹೀಬ್ರೂ ಭಾಷೆಯದು. ಹೇಖಾಲ್ ಎಂದರೆ ಅರಮನೆಯೂ ಹೌದು, ದೇವಾಲಯವೂ ಹೌದು. ಇದನ್ನು ಕೇಳಿ ಪಾಶ್ಚಾತ್ಯ ಓದುಗ ತುಸು ತಡವರಿಸಬೇಕಾಗುತ್ತದೆ; ನಮಗೆ ಆ ಕಷ್ಟವಿಲ್ಲ. ನಮ್ಮ ಪ್ರಾಸಾದ ಶಬ್ದಕ್ಕೆ ಎರಡೂ ಅರ್ಥಗಳಿವೆ. ದೇವರನ್ನು ಬೆಳಗ್ಗೆ ಎಬ್ಬಿಸಿ, ಮೀಯಿಸಿ, ಛತ್ರಚಾಮರಗಳೊಡನೆ ಮೆರೆಸುವ ನಾಡಿನವರಿಗೆ ಸಿಂಹಾಸನವಿರುವ ಕೋಣೆಯೇ ಗರ್ಭಗುಡಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಕಟನೆಯ ನಾಲ್ಕನೆಯ ಅಧ್ಯಾಯದಲ್ಲಿ ಪರಲೋಕದ ಬಾಗಿಲು ತೆರೆದು ಯೋಹಾನನು ಕಾಣುವುದು ಒಂದು ಸಿಂಹಾಸನ. ಅದರ ಸುತ್ತ ಇಪ್ಪತ್ತನಾಲ್ಕು ಮಂದಿ ಹಿರಿಯರು, ನಾಲ್ಕು ಜೀವಿಗಳು, ಮುಂದೆ ದೀಪಗಳು, ಗಾಜಿನಂತೆ ಹೊಳೆಯುವ ಸಮುದ್ರ. ಆ ಅಧ್ಯಾಯದಲ್ಲಿ ಆಲಯವೆಂಬ ಶಬ್ದವೇ ಇಲ್ಲ. ಆದರೂ ಯೆರೂಸಲೇಮಿನ ದೇವಾಲಯವನ್ನು ಬಲ್ಲವನಿಗೆ ಒಂದೊಂದು ವಸ್ತುವೂ ಗುರುತು ಸಿಗುತ್ತದೆ. ನಾಲ್ಕು ಜೀವಿಗಳು ಮಂಜೂಷದ ಮೇಲೆ ರೆಕ್ಕೆ ಹರಡಿದ್ದ ಕೆರೂಬಿಗಳ ಬಂಧುಗಳು. ಗಾಜಿನ ಸಮುದ್ರ, ಸೊಲೊಮೋನನು ಅಂಗಳದಲ್ಲಿ ಇರಿಸಿದ್ದ, ಸಮುದ್ರವೆಂದೇ ಹೆಸರಾದ ಕಂಚಿನ ದೊಡ್ಡ ಕೊಳಗ.

ಪರಲೋಕದಲ್ಲಿ ದೇವಾಲಯ ಏಕಿರಬೇಕು? ಈ ಭಾವನೆ ಯೋಹಾನನಿಗಿಂತ ಬಹಳ ಹಳೆಯದು. ವಿಮೋಚನಕಾಂಡದಲ್ಲಿ ಮೋಶೆಯು ಬೆಟ್ಟದ ಮೇಲೆ ಒಂದು ಮಾದರಿಯನ್ನು ಕಂಡು, ಅದರಂತೆ ಅರಣ್ಯದಲ್ಲಿ ಗುಡಾರ ಕಟ್ಟಿಸುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆ ಅದನ್ನು ಬೆಳೆಸಿ, ಮೂಲವಿರುವುದು ಮೇಲೆ, ಭೂಮಿಯಲ್ಲಿರುವುದು ಅದರ ನೆರಳು ಎನ್ನುತ್ತದೆ. ನಮ್ಮಲ್ಲಿ ಇದಕ್ಕೆ ತಕ್ಕ ಉಪಮಾನ ಹುಡುಕಿದಾಗ ನನಗೆ ನೆನಪಾದದ್ದು ಭಟ್ಕಳ. ಅಲ್ಲಿನ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯ ಮುಂದೆ ಮಾನಸ್ತಂಭ ನಿಂತಿದೆ. ದಾರಿಹೋಕನಿಗೆ ಅದೊಂದು ಅಲಂಕಾರ. ಜೈನ ಶ್ರಾವಕನಿಗಾದರೋ ಅದು ಸಮವಸರಣದ ಹೊಸ್ತಿಲು. ತೀರ್ಥಂಕರನಿಗೆ ಕೇವಲಜ್ಞಾನವಾದಾಗ ಇಂದ್ರನ ಅಪ್ಪಣೆಯಂತೆ ಕುಬೇರನು ರಚಿಸುವ ದಿವ್ಯಸಭೆ ಸಮವಸರಣ. ಅದರ ನಾಲ್ಕು ದಿಕ್ಕಿಗೂ ಮಾನಸ್ತಂಭಗಳು, ನಡುವೆ ನಾಲ್ಕು ಕಡೆಗೂ ಮುಖ ತೋರುವ ಜಿನ, ಸುತ್ತ ಹನ್ನೆರಡು ಕೋಷ್ಠಗಳಲ್ಲಿ ದೇವತೆಗಳು, ಮನುಷ್ಯರು, ಪಶುಪಕ್ಷಿಗಳು. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪನು ಇದನ್ನು ಕನ್ನಡದ ಕಣ್ಣಿಗೆ ಕಟ್ಟಿಕೊಟ್ಟಿದ್ದಾನೆ. ಬಸದಿಯು ಆ ದಿವ್ಯಸಭೆಯ ಕಲ್ಲಿನ ಪ್ರತಿರೂಪ. ಹೊನ್ನಾವರ ತಾಲೂಕಿನಲ್ಲಿಯೇ, ಶರಾವತಿಯ ದಂಡೆಯ ಗೇರುಸೊಪ್ಪೆಯ ಕಾಡಿನಲ್ಲಿ, ಚತುರ್ಮುಖ ಬಸದಿಯಿದೆ. ಅದರಲ್ಲಿ ಈ ಭಾವನೆ ಇನ್ನೂ ನಿಚ್ಚಳ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಕಡೆಯಿಂದ ಬಂದರೂ ದೇವರ ಮುಖವೇ ಎದುರು, ಬೆನ್ನೆಂಬುದಿಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಹೊಳೆಯ ಮೇಲೆ ಗೇರುಸೊಪ್ಪೆಗೆ ಬಂದಾಗಲೇ ಆ ನಗರ ಹಾಳುಬಿದ್ದು ಗಿಡಮರಗಳ ಪಾಲಾಗಿತ್ತು.

ಎರಡು ಮತಗಳನ್ನು ನಾನು ಬೆರೆಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಸಮವಸರಣ ಲೋಕಾಂತ್ಯದ ಕಥೆಯಲ್ಲ. ಜಿನನು ಜಗತ್ತನ್ನು ಸೃಷ್ಟಿಸಿದವನೂ ಅಲ್ಲ, ನ್ಯಾಯ ತೀರಿಸುವವನೂ ಅಲ್ಲ. ಹನ್ನೆರಡು ಎಂಬ ಅಂಕೆ ಎರಡೂ ಕಡೆ ಇದೆಯೆಂದು ಸೇತುವೆ ಕಟ್ಟುವ ಪಂಡಿತರಿದ್ದಾರೆ; ಆ ಸೇತುವೆಯ ಮೇಲೆ ಕಾಲಿಡಲು ನನಗೆ ಧೈರ್ಯವಿಲ್ಲ. ಕಟ್ಟಡವೊಂದು ಕಾಣದ ಇನ್ನೊಂದರ ಪ್ರತಿರೂಪವಾಗಿ ನಿಲ್ಲಬಲ್ಲುದು ಎಂಬ ಒಂದು ಮಾತಿಗಾಗಿ ಮಾತ್ರ ನಾನು ಭಟ್ಕಳಕ್ಕೆ ಹೋಗಿಬಂದೆ.

ಈಗ ಗ್ರಂಥದ ದೃಶ್ಯಗಳಿಗೆ ಬರೋಣ. ಆರನೆಯ ಅಧ್ಯಾಯದಲ್ಲಿ, ನಂಬಿಕೆಗಾಗಿ ಕೊಲ್ಲಲ್ಪಟ್ಟವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ, ಇನ್ನೆಷ್ಟು ಕಾಲ ಎಂದು ಕೂಗುತ್ತವೆ. ಬಲಿಯ ರಕ್ತವನ್ನು ವೇದಿಯ ಬುಡದಲ್ಲಿ ಸುರಿಯುವುದು ಯೆಹೂದ್ಯರ ವಿಧಿ. ಹತರಾದವರು ಅಪರಾಧಿಗಳಾಗಿ ಸತ್ತರೆಂದು ರೋಮಿನ ಕಡತ ಹೇಳುತ್ತಿತ್ತು. ಅವರು ಬಲಿಯಾಗಿ ಅರ್ಪಿತರಾದರೆಂದು ಈ ಚಿತ್ರ ಹೇಳುತ್ತದೆ. ಎಂಟನೆಯ ಅಧ್ಯಾಯದಲ್ಲಿ ಪರಲೋಕವೆಲ್ಲ ಅರ್ಧ ತಾಸು ಮೌನವಾಗುತ್ತದೆ. ಇಡೀ ಗ್ರಂಥದಲ್ಲಿ ನನಗೆ ಬಹಳ ಪ್ರಿಯವಾದ ಸ್ಥಳ ಇದು. ತುತ್ತೂರಿ, ಗುಡುಗು, ಹಾಡುಗಳ ನಡುವೆ ಇದ್ದಕ್ಕಿದ್ದಂತೆ ಸದ್ದಿಲ್ಲ. ದೇವದೂತನೊಬ್ಬ ಚಿನ್ನದ ಧೂಪಾರತಿಯಲ್ಲಿ ಧೂಪ ಹಾಕುತ್ತಾನೆ. ಆ ಹೊಗೆಯೊಡನೆ ಭಕ್ತರ ಪ್ರಾರ್ಥನೆಗಳು ಮೇಲೇರುತ್ತವೆ. ಯೆರೂಸಲೇಮಿನಲ್ಲಿ ಯಾಜಕನು ಒಳಗೆ ಧೂಪ ಹಾಕುವ ಹೊತ್ತಿಗೆ ಜನ ಹೊರಗೆ ನಿಂತು ಪ್ರಾರ್ಥಿಸುತ್ತಿದ್ದರೆಂದು ಲೂಕನ ಸುವಾರ್ತೆಯ ಮೊದಲ ಅಧ್ಯಾಯದಿಂದ ತಿಳಿಯುತ್ತದೆ. ಹೊರಗೆ ನಿಂತವರ ಪ್ರಾರ್ಥನೆ ಒಳಗೆ ಮುಟ್ಟಿತೇ ಎಂಬ ಸಂಶಯಕ್ಕೆ ಈ ಮೌನ ಉತ್ತರ.

ಹನ್ನೊಂದನೆಯ ಅಧ್ಯಾಯದಲ್ಲಿ ಯೋಹಾನನ ಕೈಗೆ ಅಳತೆಗೋಲು ಬರುತ್ತದೆ. ಆಲಯವನ್ನೂ ವೇದಿಯನ್ನೂ ಆರಾಧಿಸುವವರನ್ನೂ ಅಳೆಯಬೇಕು. ಹೊರಗಿನ ಅಂಗಳವನ್ನು ಬಿಡಬೇಕು, ಅದನ್ನು ಅನ್ಯರು 42 ತಿಂಗಳು ತುಳಿಯುವರು. ಅಳೆಯುವುದೆಂದರೆ ಇಲ್ಲಿ ಕಾಯುವುದು, ಗಡಿಕಲ್ಲು ನೆಟ್ಟಂತೆ. ಈ ಅಳತೆಯ ಮೂಲ ಪ್ರವಾದಿ ಯೆಹೆಜ್ಕೇಲನಲ್ಲಿದೆ. ಮೊದಲ ದೇವಾಲಯ ಬಾಬಿಲೋನಿನವರಿಂದ ನಾಶವಾದ ಮೇಲೆ, ಸೆರೆಯ ನಾಡಿನಲ್ಲಿ ಕುಳಿತು ಅವನು ಕಂಡ ಹೊಸ ದೇವಾಲಯದ ಒಂದೊಂದು ಗೋಡೆಯನ್ನೂ ದೇವದೂತನೊಬ್ಬ ಅಳೆದು ತೋರಿಸುತ್ತಾನೆ. ಆ ಅಧ್ಯಾಯಗಳನ್ನು ಓದುವುದು ಗುತ್ತಿಗೆದಾರನ ಪಟ್ಟಿ ಓದಿದಂತೆ ಎಂದು ಒಮ್ಮೆ ನನಗೆ ಅನ್ನಿಸಿತ್ತು. ಮನೆ ಕಳೆದುಕೊಂಡವನು ಮನೆಯ ಬಾಗಿಲಿನ ಅಗಲವನ್ನು ನೆನೆಯುವುದು ಹೀಗೆಯೇ ಎಂದು ಈಗ ಅನ್ನಿಸುತ್ತದೆ.

ಅದೇ ಹನ್ನೊಂದನೆಯ ಅಧ್ಯಾಯದ ಕೊನೆಗೆ ಪರಲೋಕದ ಆಲಯ ತೆರೆದು ಒಳಗೆ ಒಡಂಬಡಿಕೆಯ ಮಂಜೂಷ ಕಾಣಿಸುತ್ತದೆ. ಈ ವಾಕ್ಯದ ಬೆರಗು ತಿಳಿಯಲು ಒಂದು ಸಂಗತಿ ಗೊತ್ತಿರಬೇಕು. ಮಂಜೂಷ ಎಂದರೆ ದೇವರ ಆಜ್ಞೆಗಳ ಶಿಲಾಫಲಕಗಳನ್ನು ಇಟ್ಟಿದ್ದ, ನಮ್ಮ ಪಲ್ಲಕ್ಕಿಯಂತೆ ಕೋಲು ಕಟ್ಟಿ ಹೊರುತ್ತಿದ್ದ ಚಿನ್ನದ ತಗಡಿನ ಪೆಟ್ಟಿಗೆ. ಮೊದಲ ದೇವಾಲಯದ ನಾಶದೊಡನೆ ಅದೂ ಕಾಣೆಯಾಯಿತು. ಎರಡನೆಯ ದೇವಾಲಯದ ಮಹಾಪವಿತ್ರಸ್ಥಾನದಲ್ಲಿ ಏನೂ ಇರಲಿಲ್ಲ. ಕ್ರಿ.ಪೂ. 63ರಲ್ಲಿ ರೋಮಿನ ಪಾಂಪೆ ಆ ಕೋಣೆಯೊಳಗೆ ನುಗ್ಗಿ, ಒಳಗೆ ಯಾವ ಮೂರ್ತಿಯೂ ಇಲ್ಲದ್ದನ್ನು ಕಂಡನೆಂದು ಟ್ಯಾಸಿಟಸ್ ಬರೆದಿದ್ದಾನೆ. ಚಿದಂಬರದ ರಹಸ್ಯವನ್ನು ಬಲ್ಲ ನಮಗೆ ಪರದೆಯ ಹಿಂದಿನ ಶೂನ್ಯ ಅಷ್ಟು ವಿಚಿತ್ರವಲ್ಲ, ಪಾಂಪೆಗೆ ವಿಚಿತ್ರವಾಗಿತ್ತು. ಆರು ಶತಮಾನಗಳಿಗೂ ಮೀರಿ ಯಾರೂ ಕಾಣದಿದ್ದ ಮಂಜೂಷವನ್ನು ಯೋಹಾನನು ಪರಲೋಕದಲ್ಲಿ ಎಲ್ಲರ ಮುಂದೆ ತೆರೆದಿಟ್ಟಿದ್ದಾನೆ.

ಇದರ ಬೆನ್ನಿಗೇ ಸೂರ್ಯನನ್ನು ಉಟ್ಟ, ಚಂದ್ರನನ್ನು ಮೆಟ್ಟಿ ನಿಂತ ಸ್ತ್ರೀಯ ದರ್ಶನ. ಕೆಥೊಲಿಕರು ಆಗಸ್ಟ್ 15ರಂದು, ಮರಿಯಮ್ಮನವರು ಸ್ವರ್ಗಕ್ಕೆ ಏರಿದ ಹಬ್ಬದ ಪೂಜೆಯಲ್ಲಿ, ಈ ಎರಡು ದರ್ಶನಗಳನ್ನು ಕೂಡಿಸಿಯೇ ಓದುತ್ತಾರೆ. ದೇವರ ವಾಕ್ಯವನ್ನು ಹೊತ್ತ ಪೆಟ್ಟಿಗೆ, ದೇವರ ಮಗನನ್ನು ಹೊತ್ತ ತಾಯಿ. ಇಗರ್ಜಿಗಳಲ್ಲಿ ಬಾಲಚಂದ್ರನ ಮೇಲೆ ನಿಂತ ಮಾತೆಯ ಮೂರ್ತಿಯನ್ನು ಕಂಡವರು ಅದರ ಬೇರು ಈ ಪುಟದಲ್ಲಿದೆಯೆಂದು ತಿಳಿಯಬಹುದು.

ಇಂಥ ಚಿತ್ರಗಳನ್ನು ಪಂಚಾಂಗವಾಗಿ ಓದುವವರೂ ಇದ್ದಾರೆ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕನು ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಎಣಿಸಿ ಕ್ರಿಸ್ತನ ಮರುಬರವು ಸಮೀಪಿಸಿತೆಂದು ಸಾರಿದ. ಅವನ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿ ಕಾದರು. ದಿನ ಕಳೆಯಿತು, ಏನೂ ಆಗಲಿಲ್ಲ. ಅಂದು ನಡೆದದ್ದು ಭೂಮಿಯಲ್ಲಲ್ಲ, ಪರಲೋಕದ ಗರ್ಭಗುಡಿಯಲ್ಲಿ ಎಂಬ ವಿವರಣೆ ಅವರಲ್ಲಿ ಕೆಲವರಿಂದ ಬಂತು. 1863ರಲ್ಲಿ ಸಂಸ್ಥೆಯಾಗಿ ರೂಪುಗೊಂಡ ಸೆವೆಂತ್ ಡೇ ಅಡ್ವೆಂಟಿಸ್ಟರ ಬೋಧನೆಯಲ್ಲಿ ಅದು ಇಂದಿಗೂ ಮುಖ್ಯವಾದದ್ದು. ಯೆರೂಸಲೇಮಿನಲ್ಲಿ ಮೂರನೆಯ ದೇವಾಲಯ ಕಲ್ಲಿನಿಂದಲೇ ಏಳಬೇಕೆಂದು ಕಾಯುವ ಪಂಗಡಗಳೂ ಇವೆ. ಅವರ ಶ್ರದ್ಧೆಯನ್ನು ಹಗುರಾಗಿ ನುಡಿಯಲಾರೆ. ಆದರೆ 42 ತಿಂಗಳೆಂದರೆ ಮೂರೂವರೆ ವರ್ಷ, ಪೂರ್ಣವಾದ ಏಳರ ಅರ್ಧ. ಕಷ್ಟಕ್ಕೆ ಕೊನೆಯುಂಟು ಎಂದು ಹೇಳುವ ಅಂಕೆ ಅದು. ಅದರಿಂದ ತಾರೀಖು ತೆಗೆಯುವುದು ನನಗೆ ಒಗ್ಗದು. ಅಂಥ ತಾರೀಖುಗಳ ಕರಪತ್ರಗಳು ನಮ್ಮ ಬಡಗಿಯವರ ಕೈಗೂ ಬರುತ್ತಿದ್ದವು. ಅವರು ಅವುಗಳ ಹಿಂಬದಿಯಲ್ಲಿ ಹಲಗೆಯ ಲೆಕ್ಕ ಬರೆಯುತ್ತಿದ್ದರು.

ಹದಿನೈದನೆಯ ಅಧ್ಯಾಯದಲ್ಲಿ ಆಲಯ ದೇವರ ಮಹಿಮೆಯ ಹೊಗೆಯಿಂದ ತುಂಬುತ್ತದೆ. ಏಳು ಉಪದ್ರವಗಳು ತೀರುವವರೆಗೆ ಯಾರೂ ಒಳಗೆ ಹೋಗಲಾರರು. ಇಲ್ಲಿಯವರೆಗೂ ಆಲಯವೆಂಬುದು ಒಂದು ಎಲ್ಲೆ. ಒಳಗು ಬೇರೆ, ಹೊರಗು ಬೇರೆ. ಭೂಮಿಯ ದೇವಾಲಯವಾದರೂ ಎಲ್ಲೆಗಳಿಂದಲೇ ಆದದ್ದು: ಅನ್ಯರ ಅಂಗಳ, ಹೆಂಗಸರ ಅಂಗಳ, ಗಂಡಸರದು, ಯಾಜಕರದು, ಕೊನೆಗೆ ಪರದೆಯ ಹಿಂದಿನ ಕೋಣೆ. ಆ ಕೋಣೆಯೊಳಗೆ ಮಹಾಯಾಜಕನೊಬ್ಬನೇ, ಅದೂ ವರ್ಷದಲ್ಲಿ ಒಂದೇ ದಿನ ಹೋಗತಕ್ಕವನು. ಅನ್ಯರು ಗೆರೆ ದಾಟಿದರೆ ಸಾವಿಗೆ ತಾವೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕೆತ್ತಿದ ಕಲ್ಲು 1871ರಲ್ಲಿ ಯೆರೂಸಲೇಮಿನಲ್ಲಿ ಸಿಕ್ಕಿತು, ಈಗ ಇಸ್ತಾಂಬುಲಿನಲ್ಲಿದೆ.

ಇಂಥ ಗೆರೆಗಳು ನಮಗೆ ಹೊಸವಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಾಗ, 1947ರಲ್ಲಿ, ಹರಿಜನರ ದೇವಾಲಯ ಪ್ರವೇಶಕ್ಕೆ ಕಾಯಿದೆಯನ್ನೇ ಮಾಡಬೇಕಾಯಿತು. ಜಾತಿಯ ಗೆರೆ ಇಗರ್ಜಿಯ ಹೊಸ್ತಿಲಲ್ಲಿ ಅಳಿಸಿಹೋಯಿತೆಂದು ಹೇಳುವ ಧೈರ್ಯವೂ ನನಗಿಲ್ಲ. ಕುಮಟಾ ತಾಲೂಕಿನ ಗೋಕರ್ಣದಲ್ಲಿ ಮಾತ್ರ ಒಂದು ವಿಶೇಷವುಂಟು. ಭಕ್ತರು ಒಳಗೆ ಹೋಗಿ ಆತ್ಮಲಿಂಗವನ್ನು ತಮ್ಮ ಕೈಯಿಂದಲೇ ಮುಟ್ಟಬಹುದು. ಮುಟ್ಟಿ ಹೊರಗೆ ಬಂದವರ ಮುಖವನ್ನು ನೋಡಿದವರಿಗೆ ಮುಂದಿನ ಮಾತು ಸುಲಭವಾಗಿ ತಿಳಿದೀತು.

ಬಡಗಿಯವರ ಎರಡನೆಯ ಪ್ರಶ್ನೆಯನ್ನು ಈಗ ಎತ್ತಿಕೊಳ್ಳುತ್ತೇನೆ. ಉದ್ದ, ಅಗಲ, ಎತ್ತರ ಸಮವಾದ ಊರು ಎಲ್ಲಿಯೂ ಇಲ್ಲ. ಆದರೆ ಅಂಥ ಒಂದು ಕೋಣೆ ಇತ್ತು. ಸೊಲೊಮೋನನ ದೇವಾಲಯದ ಮಹಾಪವಿತ್ರಸ್ಥಾನ ಇಪ್ಪತ್ತು ಮೊಳ ಉದ್ದ, ಇಪ್ಪತ್ತು ಮೊಳ ಅಗಲ, ಇಪ್ಪತ್ತು ಮೊಳ ಎತ್ತರವೆಂದು ಅರಸುಗಳ ಮೊದಲನೆಯ ಪುಸ್ತಕ ಲೆಕ್ಕ ಕೊಡುತ್ತದೆ. ಒಳಗೆಲ್ಲ ಚಿನ್ನದ ಹೊದಿಕೆ. ಯೋಹಾನನ ನಗರವೂ ಚಿನ್ನದ್ದೇ. ಅದರ ಅಳತೆ 12,000 ಸ್ತಾದಿಯ, ಎಂದರೆ ಸುಮಾರು 2,200 ಕಿಲೋಮೀಟರು. ಕನ್ಯಾಕುಮಾರಿಯಿಂದ ಹೊರಟ ಹಕ್ಕಿ ದಿಲ್ಲಿಯನ್ನು ಮುಟ್ಟುವುದಕ್ಕೆ ತುಸು ಮೊದಲು ನಿಂತಷ್ಟು ದೂರ, ಎತ್ತರವೂ ಅಷ್ಟೇ. ಕಟ್ಟಡದ ನಕ್ಷೆಯಾಗಿ ಇದು ಅಸಂಬದ್ಧ. ಗರ್ಭಗುಡಿಯೇ ಬೆಳೆದು ಊರಾಯಿತು ಎಂದು ಓದಿದರೆ ಲೆಕ್ಕ ಕೂಡುತ್ತದೆ. ನಗರದೊಳಗೆ ನಾಓಸ್ ಏಕಿಲ್ಲ? ನಗರವೇ ಅದು. ದೇವರೂ ಯಜ್ಞದ ಕುರಿಯಾದಾತನೂ, ಎಂದರೆ ಕ್ರಿಸ್ತನೂ, ಅದರ ಆಲಯವೆಂದು ಯೋಹಾನನು ಬರೆಯುವುದು ಇದೇ ಅರ್ಥದಲ್ಲಿ. ಯೇಸುವಿನ ಮರಣದ ಗಳಿಗೆಯಲ್ಲಿ ದೇವಾಲಯದ ಪರದೆ ಮೇಲಿನಿಂದ ಕೆಳಗಿನವರೆಗೆ ಹರಿಯಿತೆಂದು ಸುವಾರ್ತೆಗಳು ಹೇಳುತ್ತವೆ. ಆ ಹರಿದ ಪರದೆಯ ಕಥೆ ಮುಗಿಯುವುದು ಇಲ್ಲಿ.

ಊರೇ ಗರ್ಭಗುಡಿಯಾದಾಗ ಊರಿನವರೆಲ್ಲ ಯಾರಾದರು? ನಗರದ ತಳಪಾಯದಲ್ಲಿ ಹನ್ನೆರಡು ರತ್ನಗಳಿವೆ. ಅವು ಮಹಾಯಾಜಕನ ಎದೆಪದಕದ ಹನ್ನೆರಡು ರತ್ನಗಳನ್ನು ನೆನಪಿಗೆ ತರುತ್ತವೆ. ಅಲ್ಲಿನವರ ಹಣೆಯ ಮೇಲೆ ದೇವರ ನಾಮವಿರುವುದು. ಹಣೆಯ ಮೇಲಿನ ನಾಮವೆಂದಾಗ ಕನ್ನಡಿಗನ ಕಣ್ಣಿಗೆ ಬೇರೆಯೇ ಚಿತ್ರ ಬರುತ್ತದೆ. ಆ ಚಿತ್ರವೂ ಅಷ್ಟೇನೂ ದೂರದ್ದಲ್ಲ. ಯೆಹೂದ್ಯರಲ್ಲಿ ದೇವರ ಹೆಸರು ಕೆತ್ತಿದ ಚಿನ್ನದ ಪಟ್ಟಿಯನ್ನು ಹಣೆಯ ಮೇಲೆ ಧರಿಸುತ್ತಿದ್ದವನು ಮಹಾಯಾಜಕನೊಬ್ಬನೇ. ವರ್ಷಕ್ಕೆ ಒಂದು ದಿನ ಒಬ್ಬನಿಗೆ ಸಲ್ಲುತ್ತಿದ್ದದ್ದು ಇಲ್ಲಿ ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುತ್ತದೆ. ಅವರು ದೇವರ ಮುಖವನ್ನೇ ಕಾಣುವರು. ದಿಕ್ಕಿಗೆ ಮೂರರಂತೆ ಹನ್ನೆರಡು ಬಾಗಿಲುಗಳು ಎಂದಿಗೂ ಮುಚ್ಚುವುದಿಲ್ಲ. ಹಾಗೆಂದು ಇದು ಬರಿಯ ಮೃದುವಾದ ಗ್ರಂಥವಲ್ಲ. ತೆರೆದ ಬಾಗಿಲನ್ನು ಹೇಳಿದ ಉಸಿರಿನಲ್ಲಿಯೇ, ಅಶುದ್ಧವಾದದ್ದು ಒಳಗೆ ಬಾರದು ಎಂದೂ ಹೇಳುತ್ತದೆ. ಕೊನೆಯ ಪುಟದಲ್ಲಿ ಹೊರಗಿರುವವರ ಒಂದು ಪಟ್ಟಿಯೂ ಇದೆ. ಈ ಎರಡನ್ನೂ ಹೇಗೆ ಕೂಡಿಸುವುದೆಂದು ಕ್ರೈಸ್ತ ವಿದ್ವಾಂಸರೇ ಇನ್ನೂ ಚರ್ಚಿಸುತ್ತಿರುವಾಗ ನಾನು ತೀರ್ಪು ಕೊಡಲಾರೆ.

ಕಂಬದ ಪ್ರಶ್ನೆ ಉಳಿಯಿತು. ಆ ವಾಗ್ದಾನ ಸಂದದ್ದು ಫಿಲದೆಲ್ಫಿಯ ಎಂಬ ಊರಿನ ಸಭೆಗೆ. ಕ್ರಿ.ಶ. 17ರ ಭೂಕಂಪದಲ್ಲಿ ಆ ಊರು ಹಾಳಾಗಿತ್ತು. ಗೋಡೆಗಳು ದಿನವೂ ಅದುರಿ ಬಿರಿಯುತ್ತಿದ್ದುದರಿಂದ ಹೆಚ್ಚಿನ ಜನ ಊರ ಹೊರಗೆ ಹೊಲಗಳಲ್ಲಿಯೇ ವಾಸವಾಗಿದ್ದರೆಂದು ಸ್ಟ್ರಾಬೊ ಬರೆದಿದ್ದಾನೆ. ಅಂಥ ಊರಿನವರಿಗೆ, ನಿನ್ನನ್ನು ಕಂಬವಾಗಿ ನಿಲ್ಲಿಸುತ್ತೇನೆ, ಇನ್ನು ಹೊರಗೆ ಓಡಬೇಕಾದದ್ದಿಲ್ಲ ಎಂಬುದು ಎಂಥ ಮಾತಾಗಿ ಕೇಳಿಸಿರಬೇಕು! ಕಂಬವೆಂದರೆ ಮನುಷ್ಯ, ಆಲಯವೆಂದರೆ ದೇವರು. ಒಬ್ಬನಲ್ಲಿ ಇನ್ನೊಬ್ಬನು ನಿಲ್ಲುವುದಕ್ಕೆ ಬೇರೆ ಗುಡಿ ಬೇಡ.

ಇಷ್ಟನ್ನು ನಾನು ಆ ಹಿರಿಯರಿಗೆ ಒಂದು ಭಾನುವಾರ, ಅವರ ಕೊಟ್ಟಿಗೆಯಲ್ಲಿ ಅರ್ಧ ಮುಗಿದ ದೋಣಿಯ ಪಕ್ಕದಲ್ಲಿ ಕುಳಿತು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಅವಳು ಒಳಗೇ ಇದ್ದಾಳೆ" ಎಂದರು. ನಾನು ಉತ್ತರ ಹೇಳಲಿಲ್ಲ. ಅವರು ಕೇಳಿರಲೂ ಇಲ್ಲ.

ಎದ್ದು ಹೊರಡುವಾಗ ಅವರು ಮತ್ತೆ ಕರೆದರು. "ಮಾಸ್ತರೇ, ಅದೇ ಅಧ್ಯಾಯದ ಮೊದಲಲ್ಲಿ ಇನ್ನು ಸಮುದ್ರವೂ ಇಲ್ಲ ಅಂತ ಬರೆದದೆಯಲ್ಲ?" ನಾನು ನನಗೆ ತಿಳಿದಂತೆ ಹೇಳಿದೆ. ಆ ಗ್ರಂಥದಲ್ಲಿ ಸಮುದ್ರವೆಂದರೆ ಮೃಗವು ಏರಿಬರುವ ಸ್ಥಳ. ಸಿಂಹಾಸನಕ್ಕೂ ಮನುಷ್ಯನಿಗೂ ನಡುವೆ ಹರಡಿದ್ದ ಗಾಜಿನ ಸಮುದ್ರವೂ ಒಂದು ಎಲ್ಲೆ. ಪತ್ಮೋಸಿನ ಯೋಹಾನನಿಗೆ ತನ್ನವರಿಂದ ತನ್ನನ್ನು ಬೇರ್ಪಡಿಸಿದ ನೀರು ಅದು. ಎಲ್ಲೆ ಹೋದಮೇಲೆ ಸಮುದ್ರವೂ ಹೋಯಿತು. "ಆದರೆ ಹೊಳೆ ಇದೆ," ಎಂದೆ, ಅವರ ಮುಖ ನೋಡಿ. "ಸಿಂಹಾಸನದ ಬುಡದಿಂದ ಹೊರಟು ಬೀದಿಯ ನಡುವೆ ಹರಿಯುತ್ತದೆ. ಎರಡು ದಡದಲ್ಲಿಯೂ ಮರಗಳಿವೆ."

ಅವರು ದೋಣಿಯ ಹಲಗೆಯ ಮೇಲೆ ಕೈ ಆಡಿಸುತ್ತ, "ಹೊಳೆ ಇದ್ದಮೇಲೆ ಎಲ್ಲಾದರೂ ಅಳಿವೆ ಇರಲೇಬೇಕು ಬಿಡಿ" ಎಂದರು.